ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ: ಕಾಗದದಿಂದ ಮನೆಬಾಗಿಲಿಗೆ

ಮನೆಯ ನಾಲ್ಕು ಗೋಡೆಗಳ ನಡುವೆ ನಡೆಯುವ ಹಿಂಸೆಯಿಂದ ಮಹಿಳೆಯನ್ನು ಕಾಪಾಡುವುದಕ್ಕೆಂದೇ ರೂಪುಗೊಂಡ ಪ್ರತ್ಯೇಕ ಕಾನೂನು ಭಾರತದಲ್ಲಿ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ‘ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ–2005’ ಎಂಬುದು ಅದರ ಪೂರ್ಣ ಹೆಸರು. ಹೊಡೆತ ಬಡಿತಗಳಷ್ಟೇ ಅಲ್ಲದೆ ದಿನನಿತ್ಯದ ಅವಮಾನ, ಲೈಂಗಿಕ ಬಲಾತ್ಕಾರ, ಮನೆಖರ್ಚಿಗೆ ಹಣ ಕೊಡದೆ ಸತಾಯಿಸುವುದು, ವಾಸದ ಮನೆಯಿಂದ ಹೊರದಬ್ಬುವುದು ಇವೆಲ್ಲವನ್ನೂ ದೌರ್ಜನ್ಯವೆಂದೇ ಪರಿಗಣಿಸಿದ ಈ ಕಾಯ್ದೆ, ಸ್ವಾತಂತ್ರ್ಯಾನಂತರದ ಮಹಿಳಾಪರ ಶಾಸನಗಳಲ್ಲಿ ಅತ್ಯಂತ ವಿಸ್ತಾರವಾದವುಗಳಲ್ಲಿ ಒಂದು.

ಆದರೆ ಶಾಸನದ ವ್ಯಾಪ್ತಿ ಎಷ್ಟೇ ವಿಶಾಲವಾಗಿದ್ದರೂ ಅದರ ಫಲ ನೊಂದ ಮಹಿಳೆಗೆ ದಕ್ಕುವುದು ತಾಲ್ಲೂಕು ಕೇಂದ್ರದ ಒಂದು ಕಚೇರಿಯ ಮೂಲಕ. ಅಲ್ಲಿ ಆಕೆಯ ಮಾತನ್ನು ಕೇಳಿ ಬರೆದುಕೊಳ್ಳುವ ಅಧಿಕಾರಿ ಇರಬೇಕು, ಆ ಅಧಿಕಾರಿಗೆ ಈ ಕೆಲಸಕ್ಕೆ ಬೇಕಾದ ಬಿಡುವೂ ತರಬೇತಿಯೂ ವಾಹನವೂ ಇರಬೇಕು. ಕಾಯ್ದೆ ಜಾರಿಯಾದಂದಿನಿಂದ ಇಂದಿನವರೆಗಿನ ಅನುಭವವನ್ನು ಅವಲೋಕಿಸಿದರೆ, ಕೊರತೆಯಿರುವುದು ಕಾನೂನಿನ ಪಠ್ಯದಲ್ಲಿ ಅಲ್ಲ, ಈ ಒಂದು ಹುದ್ದೆಯನ್ನು ಕಟ್ಟಿದ ಬಗೆಯಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಕಾಯ್ದೆಯ ಹಿನ್ನೆಲೆ

ಪತಿ ಅಥವಾ ಆತನ ಸಂಬಂಧಿಗಳಿಂದ ನಡೆಯುವ ಕ್ರೌರ್ಯವನ್ನು ಅಪರಾಧವೆಂದು ಘೋಷಿಸಿದ 498ಎ ಸೆಕ್ಷನ್ ಭಾರತೀಯ ದಂಡ ಸಂಹಿತೆಗೆ ಸೇರ್ಪಡೆಯಾದದ್ದು 1983ರಲ್ಲಿ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಸೆಕ್ಷನ್‌ಗಳು ಬಂದಿವೆ. ಈ ಅವಕಾಶದ ಗುರಿ ತಪ್ಪಿತಸ್ಥನಿಗೆ ಶಿಕ್ಷೆ ಕೊಡಿಸುವುದು. ದೂರು ಕೊಟ್ಟ ಮಹಿಳೆ ಅಂದು ರಾತ್ರಿ ಎಲ್ಲಿ ಮಲಗಬೇಕು, ಮಕ್ಕಳ ಶಾಲಾ ಶುಲ್ಕವನ್ನು ಯಾರು ಕಟ್ಟಬೇಕು, ತವರಿನಿಂದ ತಂದ ಒಡವೆಗಳು ಯಾರ ವಶದಲ್ಲಿರಬೇಕು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಲಿಲ್ಲ. ಅವಿವಾಹಿತ ಸೋದರಿ, ವಿಧವೆ ತಾಯಿ, ಮಗಳು ಮನೆಯಲ್ಲಿಯೇ ಹಿಂಸೆಗೆ ಒಳಗಾದರೆ ಆ ಸೆಕ್ಷನ್ ಅನ್ವಯವಾಗುತ್ತಲೂ ಇರಲಿಲ್ಲ.

ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯಗಳ ನಿರ್ಮೂಲನೆಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1993ರಲ್ಲಿ ಅನುಮೋದಿಸಿತು. 1995ರ ಬೀಜಿಂಗ್ ಮಹಿಳಾ ಸಮ್ಮೇಳನದ ಘೋಷಣೆ ಕೌಟುಂಬಿಕ ಹಿಂಸೆಯನ್ನು ಮಾನವ ಹಕ್ಕುಗಳ ಪ್ರಶ್ನೆಯಾಗಿ ನೋಡಿತು. 2001ರ ರಾಷ್ಟ್ರೀಯ ಮಹಿಳಾ ಸಬಲೀಕರಣ ನೀತಿಯೂ ಮನೆಯೊಳಗಿನ ಹಿಂಸೆಯನ್ನು ತಡೆಯುವ ಭರವಸೆ ನೀಡಿತು. ಇದರ ಬೆನ್ನಲ್ಲೇ 2002ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆ ಮಾತ್ರ ಮಹಿಳಾ ಸಂಘಟನೆಗಳ ತೀವ್ರ ವಿರೋಧಕ್ಕೆ ಗುರಿಯಾಯಿತು. ಹಲ್ಲೆ ರೂಢಿಯಾಗಿ ನಡೆಯುತ್ತಿದ್ದರಷ್ಟೇ ಅದು ದೌರ್ಜನ್ಯ ಎಂಬ ಅರ್ಥ ಬರುವಂತಿದ್ದ ವ್ಯಾಖ್ಯೆ ಮತ್ತು ಆತ್ಮರಕ್ಷಣೆಯ ಹೆಸರಿನಲ್ಲಿ ಪತಿಗೆ ನೀಡಿದ್ದ ವಿನಾಯಿತಿ ಈ ವಿರೋಧಕ್ಕೆ ಮುಖ್ಯ ಕಾರಣಗಳಾಗಿದ್ದವು. ಲೋಕಸಭೆಯ ವಿಸರ್ಜನೆಯೊಂದಿಗೆ ಆ ಮಸೂದೆ ಬಿದ್ದುಹೋಯಿತು. ಹಿರಿಯ ವಕೀಲೆ ಇಂದಿರಾ ಜೈಸಿಂಗ್ ಅವರ ನೇತೃತ್ವದ ಲಾಯರ್ಸ್ ಕಲೆಕ್ಟಿವ್ ಸಂಸ್ಥೆ ಮಹಿಳಾ ಸಂಘಟನೆಗಳೊಂದಿಗೆ ಸಮಾಲೋಚಿಸಿ ಸಿದ್ಧಪಡಿಸಿದ್ದ ಕರಡು ಹೊಸ ಮಸೂದೆಗೆ ಆಧಾರವಾಯಿತು. 2005ರ ಸೆಪ್ಟೆಂಬರ್ 13ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು.

ಕಾಯ್ದೆ ಏನು ನೀಡುತ್ತದೆ?

ಸಾಮಾನ್ಯರ ತಿಳಿವಳಿಕೆಗೆ ವಿರುದ್ಧವಾಗಿ, ಇದು ಮೂಲತಃ ಜೈಲು ಶಿಕ್ಷೆಯ ಕಾನೂನಲ್ಲ. ಮಹಿಳೆ ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಯಾರ ಬಂಧನವೂ ಆಗುವುದಿಲ್ಲ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಮುಖಾಂತರ ಸಿವಿಲ್ ಸ್ವರೂಪದ ಪರಿಹಾರಗಳನ್ನು ತ್ವರಿತವಾಗಿ ಒದಗಿಸುವುದು ಅದರ ಉದ್ದೇಶ. ನ್ಯಾಯಾಲಯದ ರಕ್ಷಣಾ ಆದೇಶವನ್ನು ಉಲ್ಲಂಘಿಸಿದಾಗ ಮಾತ್ರ ಅದು ಅಪರಾಧವಾಗುತ್ತದೆ. ಅದಕ್ಕೆ ಒಂದು ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾಯ್ದೆಯ ಮುಖ್ಯ ಪರಿಹಾರಗಳು ಹೀಗಿವೆ:

* ರಕ್ಷಣಾ ಆದೇಶ: ಹಿಂಸೆಯನ್ನು ಮುಂದುವರಿಸದಂತೆ, ಮಹಿಳೆಯ ಕೆಲಸದ ಸ್ಥಳಕ್ಕೆ ಅಥವಾ ಮಕ್ಕಳ ಶಾಲೆಗೆ ಬರದಂತೆ, ದೂರವಾಣಿಯ ಮೂಲಕವೂ ಪೀಡಿಸದಂತೆ ಎದುರುದಾರರನ್ನು ತಡೆಯುವುದು.

* ವಾಸದ ಆದೇಶ: ಜೊತೆಯಾಗಿ ಬಾಳಿದ ಮನೆಯಿಂದ ಮಹಿಳೆಯನ್ನು ಹೊರಹಾಕದಂತೆ ತಡೆಯುವುದು, ಅಗತ್ಯವಿದ್ದರೆ ಹಿಂಸೆ ನೀಡಿದ ಪುರುಷನನ್ನೇ ಮನೆಯಿಂದ ಹೊರಗಿರುವಂತೆ ನಿರ್ದೇಶಿಸುವುದು, ಅಥವಾ ಅದೇ ಮಟ್ಟದ ಬೇರೆ ಮನೆಯನ್ನು, ಇಲ್ಲವೇ ಅದರ ಬಾಡಿಗೆಯನ್ನು ಕೊಡಿಸುವುದು. ಮನೆ ಯಾರ ಹೆಸರಿನಲ್ಲಿದೆ ಎಂಬುದು ಇಲ್ಲಿ ನಿರ್ಣಾಯಕವಲ್ಲ.

* ಹಣಕಾಸಿನ ಪರಿಹಾರ: ಮಹಿಳೆಗೂ ಮಕ್ಕಳಿಗೂ ಜೀವನಾಂಶ, ವೈದ್ಯಕೀಯ ವೆಚ್ಚ, ಗಳಿಕೆಯ ನಷ್ಟ ಮತ್ತು ಆಸ್ತಿ ಹಾನಿಯ ಭರ್ತಿ.

* ಮಕ್ಕಳ ತಾತ್ಕಾಲಿಕ ಸುಪರ್ದಿ: ಪ್ರಕರಣ ನಡೆಯುವಾಗ ಮಕ್ಕಳು ಯಾರ ಬಳಿ ಇರಬೇಕೆಂಬ ಆದೇಶ.

* ಪರಿಹಾರ ಧನ: ಅನುಭವಿಸಿದ ದೈಹಿಕ ಮತ್ತು ಮಾನಸಿಕ ಯಾತನೆಗೆ ಪ್ರತ್ಯೇಕ ಪರಿಹಾರ.

ಅರ್ಜಿ ತಲುಪಿದ ಮೂರು ದಿನಗಳೊಳಗೆ ಮೊದಲ ವಿಚಾರಣೆ ನಡೆಯುವುದು ಸಾಮಾನ್ಯ ಕ್ರಮವಾಗಬೇಕು, ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಅರ್ಜಿಯನ್ನು ಇತ್ಯರ್ಥಗೊಳಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆಯ 12ನೇ ಸೆಕ್ಷನ್. ಪರಿಸ್ಥಿತಿ ಗಂಭೀರವಾಗಿದ್ದರೆ ಎದುರುದಾರರ ಅನುಪಸ್ಥಿತಿಯಲ್ಲಿಯೂ ಮಧ್ಯಂತರ ಆದೇಶ ನೀಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಮಹಿಳೆ ತಾತ್ಕಾಲಿಕವಾಗಿ ನೆಲೆಸಿರುವ ಊರಿನಲ್ಲಿಯೂ ಅರ್ಜಿ ಸಲ್ಲಿಸಬಹುದು. ಹುಬ್ಬಳ್ಳಿಯ ಗಂಡನ ಮನೆಯಿಂದ ಹೊರಬಿದ್ದು ಹಾಸನದ ತವರಿನಲ್ಲಿರುವ ಮಹಿಳೆ ನ್ಯಾಯಕ್ಕಾಗಿ ಹುಬ್ಬಳ್ಳಿಗೆ ಅಲೆಯಬೇಕಾಗಿಲ್ಲ.

ಸಂರಕ್ಷಣಾಧಿಕಾರಿ ಎಂಬ ಕೊಂಡಿ

ಇಷ್ಟೆಲ್ಲ ಹಕ್ಕುಗಳನ್ನು ಕೊಟ್ಟ ಶಾಸನಕರ್ತರಿಗೆ ಒಂದು ವಾಸ್ತವದ ಅರಿವಿತ್ತು. ಹಿಂಸೆಗೆ ಒಳಗಾದ ಮಹಿಳೆ ತಾನಾಗಿಯೇ ವಕೀಲರನ್ನು ಹುಡುಕಿ, ದಾಖಲೆಗಳನ್ನು ಜೋಡಿಸಿ, ನ್ಯಾಯಾಲಯದ ಮೆಟ್ಟಿಲೇರುವುದು ಬಹುಪಾಲು ಅಸಾಧ್ಯ. ಆದ್ದರಿಂದ ಆಕೆಗೂ ನ್ಯಾಯಾಲಯಕ್ಕೂ ನಡುವೆ ‘ಸಂರಕ್ಷಣಾಧಿಕಾರಿ’ ಎಂಬ ಹೊಸ ಹುದ್ದೆಯನ್ನು ಕಾಯ್ದೆ ಸೃಷ್ಟಿಸಿತು. ಪ್ರತಿ ಜಿಲ್ಲೆಗೆ ಅಗತ್ಯವಿರುವಷ್ಟು ಸಂರಕ್ಷಣಾಧಿಕಾರಿಗಳನ್ನು ನೇಮಿಸುವುದು ರಾಜ್ಯ ಸರ್ಕಾರದ ಹೊಣೆ. ಸಾಧ್ಯವಾದಮಟ್ಟಿಗೂ ಅವರು ಮಹಿಳೆಯರೇ ಆಗಿರಬೇಕು.

ಈ ಅಧಿಕಾರಿಯ ಕರ್ತವ್ಯಗಳ ಪಟ್ಟಿ ದೀರ್ಘವಾದುದು. ಮಹಿಳೆಯ ಹೇಳಿಕೆಯ ಆಧಾರದ ಮೇಲೆ ನಿಗದಿತ ನಮೂನೆಯಲ್ಲಿ ‘ಕೌಟುಂಬಿಕ ಘಟನಾ ವರದಿ’ ಸಿದ್ಧಪಡಿಸಿ ಮ್ಯಾಜಿಸ್ಟ್ರೇಟರಿಗೂ ಪೊಲೀಸ್ ಠಾಣೆಗೂ ಸಲ್ಲಿಸುವುದು, ಆಕೆ ಬಯಸಿದರೆ ಅರ್ಜಿಯನ್ನು ಬರೆದುಕೊಡುವುದು, ಉಚಿತ ಕಾನೂನು ನೆರವು ಕೊಡಿಸುವುದು, ವೈದ್ಯಕೀಯ ತಪಾಸಣೆಗೆ ಕಳುಹಿಸುವುದು, ಆಶ್ರಯ ಧಾಮದಲ್ಲಿ ಜಾಗ ಒದಗಿಸುವುದು, ಎದುರುದಾರರಿಗೆ ನೋಟಿಸ್ ತಲುಪಿಸುವುದು, ಆದೇಶ ಬಂದ ಮೇಲೆ ಅದು ಪಾಲನೆಯಾಗುತ್ತಿದೆಯೇ ಎಂದು ನೋಡುವುದು ಇವೆಲ್ಲ ಅದರಲ್ಲಿ ಸೇರಿವೆ. ಹಿಂಸೆ ನಡೆಯುತ್ತಿದೆ ಎಂಬ ನಂಬಲರ್ಹ ಮಾಹಿತಿ ದೂರವಾಣಿಯಲ್ಲಿ ಬಂದರೆ ಕೂಡಲೇ ಪೊಲೀಸರ ನೆರವು ಪಡೆದು ಸ್ಥಳಕ್ಕೆ ಧಾವಿಸಬೇಕೆಂದೂ ನಿಯಮಗಳು ಹೇಳುತ್ತವೆ. ಮಾಹಿತಿ ನೀಡಲು ಸಂತ್ರಸ್ತೆಯೇ ಆಗಿರಬೇಕೆಂದಿಲ್ಲ. ನೆರೆಯವರೂ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ.

ರಕ್ಷಣಾ ಆದೇಶದಲ್ಲಿ ಮ್ಯಾಜಿಸ್ಟ್ರೇಟರು ವಹಿಸಿದ ಕರ್ತವ್ಯವನ್ನು ಸಕಾರಣವಿಲ್ಲದೆ ನಿರ್ವಹಿಸದ ಸಂರಕ್ಷಣಾಧಿಕಾರಿಗೂ ಒಂದು ವರ್ಷದವರೆಗೆ ಸಜೆ ವಿಧಿಸಲು ಅವಕಾಶವಿದೆ. ಆದರೆ ರಾಜ್ಯ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಕ್ರಮ ಸಾಧ್ಯವಿಲ್ಲ.

ಆಸ್ಪತ್ರೆಗಳ ಪಾತ್ರವೂ ಸ್ಪಷ್ಟವಾಗಿದೆ. ಘಟನಾ ವರದಿ ಇಲ್ಲವೆಂಬ ಕಾರಣಕ್ಕೆ ನೊಂದ ಮಹಿಳೆಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ವರದಿ ಅದುವರೆಗೆ ಆಗಿರದಿದ್ದರೆ ಆಸ್ಪತ್ರೆಯೇ ನಮೂನೆಯನ್ನು ಭರ್ತಿ ಮಾಡಿ ಸಂರಕ್ಷಣಾಧಿಕಾರಿಗೆ ಕಳುಹಿಸಬೇಕು. ಮೂಗೇಟಿನ ಕಾರಣವನ್ನು ‘ಜಾರಿಬಿದ್ದದ್ದು’ ಎಂದು ಬರೆದು ಮಾತ್ರೆ ಕೊಟ್ಟು ಕಳುಹಿಸಿದರೆ, ಮುಂದೊಂದು ದಿನ ನ್ಯಾಯಾಲಯದಲ್ಲಿ ಮುಖ್ಯವಾಗಬಹುದಾಗಿದ್ದ ದಾಖಲೆಯೊಂದು ಅಲ್ಲಿಗೇ ಕಳೆದುಹೋಗುತ್ತದೆ.

ಕರ್ನಾಟಕದ ವ್ಯವಸ್ಥೆ

ಕಾಯ್ದೆಯ ಅನುಷ್ಠಾನಕ್ಕೆ ರಾಜ್ಯಗಳು ಬೇರೆ ಬೇರೆ ದಾರಿ ಹಿಡಿದವು. ದೆಹಲಿಯಲ್ಲಿ ಈ ಹುದ್ದೆಗೆಂದೇ ಪ್ರತ್ಯೇಕವಾಗಿ ಸಿಬ್ಬಂದಿಯನ್ನು ನೇಮಿಸಿಕೊಳ್ಳಲಾಯಿತು. ಅನೇಕ ರಾಜ್ಯಗಳು ಈಗಾಗಲೇ ಸೇವೆಯಲ್ಲಿದ್ದ ಅಧಿಕಾರಿಗಳಿಗೇ ಈ ಹೊಣೆಯನ್ನು ಹೆಚ್ಚುವರಿಯಾಗಿ ವಹಿಸಿದವು. ಕರ್ನಾಟಕವೂ ಈ ಎರಡನೆಯ ದಾರಿಯನ್ನು ಆರಿಸಿಕೊಂಡು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು (ಸಿಡಿಪಿಒ) ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳೆಂದು ಗುರುತಿಸಿತು.

ಈ ಆಯ್ಕೆಗೆ ಅನುಕೂಲಗಳಿಲ್ಲದಿಲ್ಲ. ಸಿಡಿಪಿಒ ಕಚೇರಿ ಪ್ರತಿ ತಾಲ್ಲೂಕಿನಲ್ಲೂ ಇದೆ. ಅದರ ಕೈಕೆಳಗಿನ ಅಂಗನವಾಡಿ ಕಾರ್ಯಕರ್ತೆಗೆ ಊರಿನ ಪ್ರತಿ ಮನೆಯ ಪರಿಚಯವಿರುತ್ತದೆ. ಯಾವ ಮನೆಯಲ್ಲಿ ಸಂಜೆಯಾದೊಡನೆ ಗಲಾಟೆ ಆರಂಭವಾಗುತ್ತದೆ ಎಂಬುದು ಠಾಣೆಗಿಂತ ಮೊದಲು ತಿಳಿಯುವುದು ಆಕೆಗೇ. ಜಿಲ್ಲಾ ಕೇಂದ್ರದಲ್ಲಿ ಮಾತ್ರ ಪ್ರತ್ಯೇಕ ಅಧಿಕಾರಿಯಿದ್ದರೆ ಗಡಿಯ ತಾಲ್ಲೂಕಿನ ಮಹಿಳೆ ಅಲ್ಲಿಗೆ ಬಂದು ಹೋಗಲು ಇಡೀ ದಿನದ ಕೂಲಿಯನ್ನೇ ಕಳೆದುಕೊಳ್ಳಬೇಕಾಗುತ್ತಿತ್ತು.

ಆದರೆ ಅನನುಕೂಲವೂ ಅಷ್ಟೇ ದೊಡ್ಡದು. ಸಿಡಿಪಿಒ ಅವರ ಮೂಲ ಹೊಣೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ. ನೂರಾರು ಅಂಗನವಾಡಿಗಳ ಮೇಲ್ವಿಚಾರಣೆ, ಪೌಷ್ಟಿಕ ಆಹಾರದ ಪೂರೈಕೆ, ಗರ್ಭಿಣಿ ಮತ್ತು ಬಾಣಂತಿಯರ ಯೋಜನೆಗಳು, ಬಾಲ್ಯವಿವಾಹ ತಡೆ ಇವೆಲ್ಲ ಅದೇ ಮೇಜಿನ ಮೇಲಿವೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಹೊಣೆಯೂ ಇದೇ ಇಲಾಖೆಯದು. ಫಲಾನುಭವಿಗಳ ಪಟ್ಟಿಗೂ ಆಹಾರ ಸಾಮಗ್ರಿಯ ಲೆಕ್ಕಕ್ಕೂ ಮೇಲಧಿಕಾರಿಗಳು ದಿನಾಂಕ ಗೊತ್ತುಪಡಿಸಿ ವರದಿ ಕೇಳುತ್ತಾರೆ. ಬಾಗಿಲಲ್ಲಿ ಕುಳಿತ ಮಹಿಳೆಯ ಹೇಳಿಕೆ ದಾಖಲಿಸಲು ತಗಲುವ ಎರಡು ಗಂಟೆಗೆ ಅಂಥ ಲೆಕ್ಕ ಕೇಳುವವರು ವಿರಳ. ಆಡಳಿತದಲ್ಲಿ ಗಡುವಿರುವ ಕೆಲಸ ಗಡುವಿಲ್ಲದ ಕೆಲಸವನ್ನು ಹಿಂದಕ್ಕೆ ತಳ್ಳುವುದು ಸಹಜ.

ಸಿಡಿಪಿಒ ಅವರಿಗೆ ನ್ಯಾಯಾಲಯದ ಕಾರ್ಯವಿಧಾನದ ತರಬೇತಿ ಮೂಲತಃ ಇರುವುದಿಲ್ಲ. ಸಾಕ್ಷ್ಯ ಹೇಳಲು ನ್ಯಾಯಾಲಯಕ್ಕೆ ಹೋದ ದಿನ ಕಚೇರಿಯ ಕೆಲಸ ನಿಲ್ಲುತ್ತದೆ. ನೋಟಿಸ್ ತಲುಪಿಸಲು ಎದುರುದಾರರ ಮನೆಗೆ ಹೋದಾಗ ಎದುರಾಗುವ ಬೆದರಿಕೆಯ ಎದುರು ಅವರು ಒಂಟಿ. ವರ್ಗಾವಣೆಯಾದರೆ ಅರ್ಧ ನಡೆದ ಪ್ರಕರಣಗಳ ಪರಿಚಯವಿದ್ದ ಅಧಿಕಾರಿಯೂ ಹೋಗಿ, ಹೊಸಬರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಸಂರಕ್ಷಣಾಧಿಕಾರಿಗೆ ಆಸರೆಯಾಗಬಲ್ಲ ಇತರ ವ್ಯವಸ್ಥೆಗಳನ್ನೂ ರಾಜ್ಯ ಕಟ್ಟಿದೆ. ಈ ಕಾಯ್ದೆ ಬರುವ ಮೊದಲೇ ಸ್ವಯಂಸೇವಾ ಸಂಸ್ಥೆಗಳ ಮೂಲಕ ‘ಸಾಂತ್ವನ’ ಕೇಂದ್ರಗಳನ್ನು ಆರಂಭಿಸಿ, ನೊಂದ ಮಹಿಳೆಯರಿಗೆ ಆಪ್ತ ಸಮಾಲೋಚನೆ ಹಾಗೂ ತಾತ್ಕಾಲಿಕ ಆಸರೆ ಒದಗಿಸಿದ ಅನುಭವ ಕರ್ನಾಟಕಕ್ಕಿತ್ತು. ಕೇಂದ್ರ ಸರ್ಕಾರ 2015ರಲ್ಲಿ ನಿರ್ಭಯಾ ನಿಧಿಯ ನೆರವಿನಿಂದ ಆರಂಭಿಸಿದ ‘ಸಖಿ’ ಏಕ ನಿಲುಗಡೆ ಕೇಂದ್ರಗಳು ವೈದ್ಯಕೀಯ, ಪೊಲೀಸ್, ಕಾನೂನು ನೆರವುಗಳನ್ನು ಒಂದೇ ಸೂರಿನಡಿ ನೀಡುವ ಉದ್ದೇಶದವು. 2022ರಿಂದ ಈ ಕೇಂದ್ರಗಳು, 181 ಮಹಿಳಾ ಸಹಾಯವಾಣಿ ಮತ್ತು ಆಶ್ರಯ ಧಾಮಗಳು ‘ಮಿಷನ್ ಶಕ್ತಿ’ ಎಂಬ ಒಂದೇ ಯೋಜನೆಯಡಿ ಬಂದಿವೆ. ಸಖಿ ಕೇಂದ್ರಗಳು ಸಾಮಾನ್ಯವಾಗಿ ಜಿಲ್ಲಾ ಕೇಂದ್ರಗಳಲ್ಲಿವೆ. ತಾಲ್ಲೂಕಿನಲ್ಲಿ ಮಹಿಳೆಯ ಮೊದಲ ಭೇಟಿ ಇಂದಿಗೂ ಠಾಣೆಯ ಜೊತೆ, ಇಲ್ಲವೇ ಸಿಡಿಪಿಒ ಕಚೇರಿಯ ಜೊತೆ.

ಅಂಕಿ ಅಂಶಗಳು ಹೇಳುವುದೇನು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ, ವಿವಾಹಿತರಾದ ಅಥವಾ ಹಿಂದೆ ವಿವಾಹವಾಗಿದ್ದ 18ರಿಂದ 49 ವರ್ಷದ ಮಹಿಳೆಯರ ಪೈಕಿ ಪತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರ ಪ್ರಮಾಣ ದೇಶದಲ್ಲಿ ಶೇ 29.3. ಕರ್ನಾಟಕದಲ್ಲಿ ಅದು ಶೇ 44.4. ಆ ಸುತ್ತಿನಲ್ಲಿ ಇದು ದೇಶದಲ್ಲೇ ಅತಿ ಹೆಚ್ಚು. ಅದಕ್ಕೂ ಹಿಂದಿನ 2015–16ರ ಸುತ್ತಿನಲ್ಲಿ ರಾಜ್ಯದ ಪ್ರಮಾಣ ಶೇ 20.6 ಮಾತ್ರ ಇತ್ತು. ನಾಲ್ಕು ವರ್ಷಗಳ ಅಂತರದ ಈ ಏರಿಕೆಯಲ್ಲಿ ಹಿಂಸೆಯ ಹೆಚ್ಚಳ ಎಷ್ಟು, ಹೇಳಿಕೊಳ್ಳುವ ಧೈರ್ಯದ ಪಾಲು ಎಷ್ಟು ಎಂಬುದನ್ನು ಸಮೀಕ್ಷೆಯೊಂದೇ ಬಿಡಿಸಿ ಹೇಳಲಾರದು. ಆದರೆ ಎರಡರಲ್ಲಿ ಯಾವುದೇ ಕಾರಣವಿರಲಿ, ನೆರವು ಬೇಕಾದವರ ಸಂಖ್ಯೆ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಅನುಷ್ಠಾನದ ದೃಷ್ಟಿಯಿಂದ ಹೆಚ್ಚು ಮಹತ್ವದ್ದು. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ನೆರವು ಕೋರಿದವರು ಶೇ 14ರಷ್ಟು ಮಾತ್ರ. ಶೇ 77ರಷ್ಟು ಮಂದಿ ನೆರವನ್ನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನೆರವು ಕೋರಿದವರಲ್ಲಿಯೂ ಹೆಚ್ಚಿನವರು ಹೋದದ್ದು ತವರಿನವರ ಬಳಿಗೆ. ಪೊಲೀಸರವರೆಗೆ, ವಕೀಲರವರೆಗೆ ತಲುಪಿದವರು ತೀರಾ ಕಡಿಮೆ.

ಹಿಂಸೆಯನ್ನು ಸಹಜವೆಂದು ಕಾಣುವ ಮನೋಭಾವವೂ ಇದಕ್ಕೆ ಕಾರಣ. ಸಮೀಕ್ಷೆ ಪಟ್ಟಿ ಮಾಡಿದ ಸಂದರ್ಭಗಳಲ್ಲಿ ಒಂದರಲ್ಲಾದರೂ ಪತಿ ಪತ್ನಿಯನ್ನು ಹೊಡೆಯುವುದು ಸರಿ ಎಂದವರು ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಶೇ 77, ಪುರುಷರಲ್ಲಿ ಸುಮಾರು ಶೇ 82. ಸರ್ಕಾರ ಈ ಕಾಯ್ದೆಗೆ ವ್ಯಾಪಕ ಪ್ರಚಾರ ನೀಡಬೇಕು, ಪೊಲೀಸರಿಗೂ ನ್ಯಾಯಾಂಗದವರಿಗೂ ನಿಯತವಾಗಿ ತಿಳಿವಳಿಕೆ ನೀಡಬೇಕು ಎಂದು 11ನೇ ಸೆಕ್ಷನ್ ವಿಧಿಸಿರುವುದರ ಹಿಂದಿನ ಅಗತ್ಯ ಇಲ್ಲಿ ಕಾಣುತ್ತದೆ.

ನ್ಯಾಯಾಲಯಗಳು ಬಿಡಿಸಿದ ಗಂಟುಗಳು

ಕಾಯ್ದೆಯ ಪದಗಳ ಅರ್ಥದ ಬಗ್ಗೆ ನಡೆದ ವ್ಯಾಜ್ಯಗಳು ಅನುಷ್ಠಾನದ ಗತಿಯನ್ನು ನಿರ್ಧರಿಸಿದವು. ಕಾಯ್ದೆ ಜಾರಿಯಾದ ಎರಡೇ ತಿಂಗಳಲ್ಲಿ, 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದು ಪತಿಯ ಹೆಸರಿನಲ್ಲಿರುವ, ಆತ ಬಾಡಿಗೆಗೆ ಪಡೆದ ಅಥವಾ ಆತನಿಗೆ ಪಾಲಿರುವ ಕೂಡುಕುಟುಂಬದ ಮನೆಯಲ್ಲಿ ಮಾತ್ರ ಪತ್ನಿಗೆ ವಾಸದ ಹಕ್ಕಿದೆ ಎಂದಿತು. ಅತ್ತೆ ಮಾವಂದಿರ ಸ್ವಂತ ಮನೆಯಲ್ಲಿ ಬಾಳುತ್ತಿದ್ದ ಸೊಸೆಯರು ಇದರಿಂದ ರಕ್ಷಣೆಯ ಹೊರಗುಳಿದರು. ಆ ವ್ಯಾಖ್ಯಾನ ತಪ್ಪೆಂದು ಮೂವರು ನ್ಯಾಯಮೂರ್ತಿಗಳ ಪೀಠ ಘೋಷಿಸಿದ್ದು 2020ರ ಅಕ್ಟೋಬರ್ 15ರಂದು. ಈ ನಡುವಿನ ಸುಮಾರು 14 ವರ್ಷಗಳಲ್ಲಿ ವಾಸದ ಆದೇಶ ಕೋರಿದ ಅನೇಕರಿಗೆ ಹಳೆಯ ತೀರ್ಪೇ ಅಡ್ಡವಾಯಿತು.

ಎರಡು ತಿಂಗಳ ಬಳಿಕ, 2020ರ ಡಿಸೆಂಬರ್ 15ರಂದು ಬಂದ ಇನ್ನೊಂದು ತೀರ್ಪಿಗೆ ಬೆಂಗಳೂರಿನ ಪ್ರಕರಣವೇ ಮೂಲ. ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆ–2007ರ ಅಡಿ ಅತ್ತೆ ಮಾವ ಸಲ್ಲಿಸಿದ್ದ ಅರ್ಜಿಯ ಮೇಲೆ ಸೊಸೆಯನ್ನು ಮನೆಯಿಂದ ತೆರವುಗೊಳಿಸಲು ಕಂದಾಯ ಅಧಿಕಾರಿಗಳು ಆದೇಶಿಸಿದ್ದರು. ಹೈಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಹಿರಿಯರ ರಕ್ಷಣೆಯ ಕಾನೂನನ್ನು ಮಹಿಳೆಯ ವಾಸದ ಹಕ್ಕನ್ನು ಅಳಿಸಿಹಾಕುವ ಸಾಧನವಾಗಿ ಬಳಸುವಂತಿಲ್ಲ, ಎರಡೂ ಕಾಯ್ದೆಗಳನ್ನು ಹೊಂದಿಸಿ ಓದಬೇಕು ಎಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ದೂರು ‘ವಯಸ್ಕ ಪುರುಷ’ನ ವಿರುದ್ಧವೇ ಇರಬೇಕೆಂಬ ಮಿತಿಯನ್ನು 2016ರ ಅಕ್ಟೋಬರ್‌ನಲ್ಲಿ ತೆಗೆದುಹಾಕಲಾಯಿತು. ಕಾಯ್ದೆ ಬರುವ ಮುಂಚಿನ ಹಿಂಸೆಯನ್ನೂ ಪರಿಗಣಿಸಬಹುದೆಂದು 2012ರಲ್ಲಿ ಸ್ಪಷ್ಟವಾಯಿತು. 2020ರ ನವೆಂಬರ್‌ನಲ್ಲಿ ನೀಡಿದ ತೀರ್ಪು, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ ಮತ್ತು ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕೆಂದೂ, ಜೀವನಾಂಶವನ್ನು ಅರ್ಜಿಯ ದಿನಾಂಕದಿಂದಲೇ ಲೆಕ್ಕ ಹಾಕಬೇಕೆಂದೂ ವಿಧಿಸಿತು. ಸಂರಕ್ಷಣಾಧಿಕಾರಿಯ ಘಟನಾ ವರದಿ ಇಲ್ಲದಿದ್ದರೂ ಮ್ಯಾಜಿಸ್ಟ್ರೇಟರು ಆದೇಶ ನೀಡಬಹುದೆಂದು 2022ರ ಮೇ 12ರಂದು ಸುಪ್ರೀಂ ಕೋರ್ಟ್ ಹೇಳಿತು. ವರದಿಗಾಗಿ ಅರ್ಜಿಗಳು ಕಾದು ಕೂರುವುದು ಇದರಿಂದ ತಪ್ಪಿತಾದರೂ, ವರದಿಯೇ ಇಲ್ಲದ ಅರ್ಜಿಯನ್ನು ನಡೆಸುವ ಹೊರೆ ಮಹಿಳೆ ಮತ್ತು ಆಕೆಯ ವಕೀಲರ ಮೇಲೆಯೇ ಬೀಳುತ್ತದೆ ಎಂಬುದೂ ಗಮನಾರ್ಹ.

ಸಮಾಲೋಚನೆಯೋ, ರಾಜಿ ಪಂಚಾಯಿತಿಯೋ?

ಅನುಷ್ಠಾನದಲ್ಲಿ ಹೆಚ್ಚು ಗೊಂದಲವಿರುವುದು ಸಮಾಲೋಚನೆಯ ವಿಷಯದಲ್ಲಿ. ದೂರು ಹೇಳಲು ಬಂದವಳಿಗೆ ‘ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮಾ’ ಎಂಬ ಬುದ್ಧಿಮಾತು ಠಾಣೆಯಲ್ಲೂ ಕಚೇರಿಯಲ್ಲೂ ಕೇಳಿಬರುವುದು ಹೊಸದಲ್ಲ. ಕಾಯ್ದೆ ಕಲ್ಪಿಸಿದ ಸಮಾಲೋಚನೆ ಇದಲ್ಲ. 14ನೇ ಸೆಕ್ಷನ್ ಪ್ರಕಾರ ಅರ್ಜಿ ದಾಖಲಾದ ಮೇಲೆ, ಮ್ಯಾಜಿಸ್ಟ್ರೇಟರ ನಿರ್ದೇಶನದಂತೆ, ಅರ್ಹ ಸಮಾಲೋಚಕರಿಂದ ಅದು ನಡೆಯಬೇಕು. ಹಿಂಸೆ ಮರುಕಳಿಸುವುದಿಲ್ಲ ಎಂಬ ಭರವಸೆ ಪಡೆಯುವುದೇ ಅದರ ಗುರಿ ಎಂದು ನಿಯಮಗಳು ಹೇಳುತ್ತವೆ. ಮಾಡಿದ ಹಿಂಸೆಗೆ ಸಮರ್ಥನೆ ನೀಡಲು ಎದುರುದಾರರಿಗೆ ಅಲ್ಲಿ ಅವಕಾಶವಿಲ್ಲ.

ದೂರು ದಾಖಲಿಸುವುದಕ್ಕೂ ಮೊದಲೇ ನಡೆಸುವ ರಾಜಿ ಈ ಮಿತಿಗಳಿಂದ ಹೊರಗಿನದು. ಅಲ್ಲಿ ಘಟನಾ ವರದಿಯಾಗಲಿ ಆದೇಶವಾಗಲಿ ಇರುವುದಿಲ್ಲ. ಕೊಟ್ಟ ಮಾತು ಮುರಿದರೆ ಶಿಕ್ಷೆಯೂ ಇಲ್ಲ. ಮನೆಗೆ ಮರಳಿದವಳ ಮೇಲೆ ಮತ್ತೆ ಕೈಮಾಡಿದರೆ, ಮೊದಲ ಸಲ ಆಕೆ ದೂರಿದ್ದಳು ಎಂಬುದಕ್ಕೆ ದಾಖಲೆ ಸಿಗುವುದೂ ಕಷ್ಟ. ಮನೆಗೆ ಮರಳುವುದೋ ಬಿಡುವುದೋ ಎಂಬುದು ಮಹಿಳೆಯ ಸ್ವಂತ ನಿರ್ಧಾರ. ಆದರೆ ತನಗಿರುವ ಹಕ್ಕುಗಳೆಲ್ಲವನ್ನೂ ತಿಳಿದ ಬಳಿಕ ಆಕೆ ಆ ನಿರ್ಧಾರ ಕೈಗೊಳ್ಳಬೇಕು ಎಂಬುದು 5ನೇ ಸೆಕ್ಷನ್‌ನ ಆಶಯ. ದೂರು ಪಡೆದ ಪೊಲೀಸ್ ಅಧಿಕಾರಿ, ಸಂರಕ್ಷಣಾಧಿಕಾರಿ ಮತ್ತು ಮ್ಯಾಜಿಸ್ಟ್ರೇಟ್ ಎಲ್ಲರೂ ಆಕೆಗೆ ಈ ಹಕ್ಕುಗಳನ್ನು ತಿಳಿಸಲು ಬದ್ಧರು.

ಸುಪ್ರೀಂ ಕೋರ್ಟ್‌ನ ನಿರ್ದೇಶನಗಳು

‘ವಿ ದ ವಿಮೆನ್ ಆಫ್ ಇಂಡಿಯಾ’ ಸಂಸ್ಥೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದಾಗಿ ಅನುಷ್ಠಾನದ ಪ್ರಶ್ನೆ ನೇರವಾಗಿ ಸುಪ್ರೀಂ ಕೋರ್ಟ್ ಮುಂದೆ ಬಂತು. 2022ರ ಜುಲೈ ವೇಳೆಗೆ ದೇಶದ ನ್ಯಾಯಾಲಯಗಳಲ್ಲಿ ಈ ಕಾಯ್ದೆಯಡಿ ಬಾಕಿಯಿದ್ದ ಪ್ರಕರಣಗಳು ನಾಲ್ಕು ಲಕ್ಷಕ್ಕೂ ಹೆಚ್ಚು. ಅನೇಕ ರಾಜ್ಯಗಳಲ್ಲಿ ಜಿಲ್ಲೆಗೊಬ್ಬರೇ ಸಂರಕ್ಷಣಾಧಿಕಾರಿ ಇರುವುದನ್ನು 2023ರ ಫೆಬ್ರುವರಿಯಲ್ಲಿ ಗಮನಿಸಿದ ನ್ಯಾಯಾಲಯ, ಹಾಗಾದರೆ ಒಬ್ಬೊಬ್ಬರ ಪಾಲಿಗೆ 500ರಿಂದ 600 ಪ್ರಕರಣಗಳು ಬರುತ್ತವೆ ಎಂದು ಕಳವಳ ವ್ಯಕ್ತಪಡಿಸಿತು. 60 ದಿನಗಳ ಆಶಯ ಈ ಲೆಕ್ಕದ ಮುಂದೆ ನಿಲ್ಲುವಂತಿರಲಿಲ್ಲ.

2025ರ ಮೇ 20ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ನೇತೃತ್ವದ ಪೀಠ ಸ್ಪಷ್ಟ ನಿರ್ದೇಶನಗಳನ್ನು ನೀಡಿತು. ಸಂರಕ್ಷಣಾಧಿಕಾರಿಗಳಿಲ್ಲದ ಕಡೆಗಳಲ್ಲಿ ರಾಜ್ಯಗಳು ಆರು ವಾರಗಳೊಳಗೆ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳನ್ನು ಗುರುತಿಸಿ ನೇಮಿಸಬೇಕು, ಸೇವೆ ಒದಗಿಸುವ ಸಂಸ್ಥೆಗಳನ್ನೂ ಆಶ್ರಯ ಧಾಮಗಳನ್ನೂ ಗೊತ್ತುಪಡಿಸಬೇಕು, ಕಾಯ್ದೆಗೆ ಪ್ರಚಾರ ನೀಡಬೇಕು, ಉಚಿತ ಕಾನೂನು ನೆರವು ತಮ್ಮ ಹಕ್ಕೆಂಬುದು ಮಹಿಳೆಯರಿಗೆ ತಿಳಿಯುವಂತೆ ಕಾನೂನು ಸೇವಾ ಪ್ರಾಧಿಕಾರಗಳು ನೋಡಿಕೊಳ್ಳಬೇಕು ಎಂಬವು ಅವುಗಳಲ್ಲಿ ಮುಖ್ಯವಾದವು.

ತಾಲ್ಲೂಕು ಮಟ್ಟದ ನೇಮಕ ಕರ್ನಾಟಕಕ್ಕೆ ಹೊಸತಲ್ಲ. ಹಾಗಾಗಿ ಆದೇಶ ಪಾಲನೆಯ ಪಟ್ಟಿಯಲ್ಲಿ ರಾಜ್ಯಕ್ಕೆ ಒಳ್ಳೆಯ ಸ್ಥಾನವೇ ಸಿಗಬಹುದು. ಆದರೆ ಈಗಾಗಲೇ ಕೈತುಂಬ ಕೆಲಸವಿರುವ ಅಧಿಕಾರಿಗೆ ಇನ್ನೊಂದು ಪದನಾಮ ಸೇರಿಸಿದ ಮಾತ್ರಕ್ಕೆ ಕೆಲಸ ನಡೆಯುವುದಿಲ್ಲ ಎಂಬುದನ್ನು ದೇಶಕ್ಕೆ ಹೇಳಬಲ್ಲ ರಾಜ್ಯವೂ ಕರ್ನಾಟಕವೇ. ಅಧಿಕಾರಿಗಳ ಸಂಖ್ಯೆಯನ್ನು ಎಣಿಸುವುದು ಸುಲಭ. ಅವರು ಈ ಕಾಯ್ದೆಗೆ ವಾರದಲ್ಲಿ ಎಷ್ಟು ಗಂಟೆ ಕೊಡಬಲ್ಲರು ಎಂಬುದನ್ನು ಯಾವ ವರದಿಯೂ ಕೇಳುತ್ತಿಲ್ಲ.

ಮುಂದಿನ ದಾರಿ

ಆಗಬೇಕಾದ ಕೆಲಸಗಳು ಅಸಾಧ್ಯವೇನಲ್ಲ. ಪ್ರಕರಣಗಳ ಒತ್ತಡ ಹೆಚ್ಚಿರುವ ತಾಲ್ಲೂಕುಗಳಲ್ಲಾದರೂ ಪೂರ್ಣಾವಧಿ ಸಂರಕ್ಷಣಾಧಿಕಾರಿಯ ಹುದ್ದೆಯನ್ನು ಬಜೆಟ್‌ನಲ್ಲಿ ಸೇರಿಸುವುದು, ಉಳಿದೆಡೆ ಸಿಡಿಪಿಒಗೆ ನೆರವಾಗಲು ಕಾನೂನು ತಿಳಿದ ಸಹಾಯಕರನ್ನು ಕೊಡುವುದು, ನೋಟಿಸ್ ಜಾರಿಗೆ ಪೊಲೀಸ್ ಬೆಂಬಲವನ್ನು ಕಡ್ಡಾಯಗೊಳಿಸುವುದು, ಘಟನಾ ವರದಿ ಎಷ್ಟು ದಿನಗಳಲ್ಲಿ ಸಿದ್ಧವಾಯಿತು ಮತ್ತು ಮೊದಲ ವಿಚಾರಣೆ ಯಾವಾಗ ನಡೆಯಿತು ಎಂಬ ವಿವರವನ್ನು ಜಿಲ್ಲಾವಾರು ಪ್ರಕಟಿಸುವುದು, ಇವಕ್ಕೆ ಹೊಸ ಕಾನೂನು ಬೇಕಿಲ್ಲ. ಇರುವ ಕಾಯ್ದೆಯ ಚೌಕಟ್ಟಿನಲ್ಲಿಯೇ ಸರ್ಕಾರಿ ಆದೇಶ ಮತ್ತು ಅನುದಾನದ ಮೂಲಕ ಮಾಡಬಹುದಾದವು.

ನೆರವು ಬೇಕಾದವರು 181 ಮಹಿಳಾ ಸಹಾಯವಾಣಿಗೆ, ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. ಕಾನೂನು ಸೇವೆಗಳ ಸಹಾಯವಾಣಿ ಸಂಖ್ಯೆ 15100. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ–1987ರ ಪ್ರಕಾರ, ಆದಾಯ ಎಷ್ಟೇ ಇದ್ದರೂ ಮಹಿಳೆಗೆ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಠಾಣೆ, ಸರ್ಕಾರಿ ಆಸ್ಪತ್ರೆ, ಸಿಡಿಪಿಒ ಕಚೇರಿ ಅಥವಾ ಸಖಿ ಕೇಂದ್ರ, ಇವುಗಳಲ್ಲಿ ಎಲ್ಲಿಗೆ ಹೋದರೂ ದೂರನ್ನು ಬರಹದಲ್ಲಿ ದಾಖಲಿಸಲು ಕೇಳುವುದು, ಘಟನಾ ವರದಿಯ ಹಾಗೂ ನ್ಯಾಯಾಲಯದ ಆದೇಶದ ಪ್ರತಿಯನ್ನು ಉಚಿತವಾಗಿ ಪಡೆಯುವುದು ಆಕೆಯ ಹಕ್ಕು.